ಹಸಿದ ಎಲುಬು

ನನ್ನ ಪಕ್ಕೆಲುಬು ಮುರಿದದ್ದು ಒಂದು ಸೀನಿನಿಂದ. ಉಪ್ಪಲ್‌ನಲ್ಲಿ ಮೆಟ್ರೋ ಹತ್ತಿ ಡಯಾಲಿಸಿಸ್‌ಗೆಂದು ಆಸ್ಪತ್ರೆಗೆ ಹೊರಟಿದ್ದೆವು, ನಾನು ಮತ್ತು ನನ್ನ ಗಂಡ. ಸಿಕಂದರಾಬಾದ್ ದಾಟಿದ ಮೇಲೆ ಯಾರದೋ ಅತ್ತರಿನ ಘಾಟು ಮೂಗಿಗೆ ಹತ್ತಿತು. ಸೀನಿದೆ. ಎಡಗಡೆ ಎದೆಯ ಕೆಳಗೆ ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗೆ ಲಟ್ ಎಂದಿತು. ಸದ್ದು ಹೊರಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ನನಗಂತೂ ಒಳಗಿನಿಂದ ಕೇಳಿಸಿತು. ಮುಂದಿನ ಉಸಿರು ಎಳೆದುಕೊಳ್ಳಲು ಹೆದರಿಕೆಯಾಯಿತು.

"ಏನಾತು?" ಎಂದರು ಇವರು.

"ಏನೋ ಮುರದಂಗಾತು."

"ಇಳಿಯೂಣೇನು?"

"ಇಳದು ಏನ್ ಮಾಡೂದು? ಹೆಂಗೂ ದವಾಖಾನಿಗೇ ಹೊಂಟೀವಿ."

ಇವರು ನನ್ನ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಜನ ನನಗೆ ತಾಗದಂತೆ ಅಡ್ಡ ನಿಂತರು. ವಾರಕ್ಕೆ ಮೂರು ಸಲ ಇದೇ ಹಾದಿ, ಹಲವು ವರ್ಷಗಳಿಂದ. ಹೊಸ ನೋವು ಬಂದರೆ ಗಾಬರಿಪಡುವುದು ನಮ್ಮಿಬ್ಬರಿಗೂ ಮರೆತೇ ಹೋಗಿತ್ತು.

ಅಂದು ಡಯಾಲಿಸಿಸ್ ಮುಗಿದ ಮೇಲೆ ಎಕ್ಸ್‌ರೇ ತೆಗೆದರು. ಪಕ್ಕೆಲುಬು ನಿಜವಾಗಿಯೂ ಮುರಿದಿತ್ತು. ಅದರ ಕೆಳಗಿನದು ಎಂದೋ ಮುರಿದು ತಾನಾಗಿಯೇ ಕೂಡಿಕೊಂಡಿತ್ತು. ಅದು ಯಾವಾಗ ಮುರಿದಿರಬಹುದು ಎಂದು ಆಟೋದಲ್ಲಿ ಕುಳಿತು ಇಬ್ಬರೂ ನೆನಪು ಮಾಡಿಕೊಂಡೆವು, ಹೊಳೆಯಲಿಲ್ಲ. ಮೈಯೆಲ್ಲ ನೋಯುತ್ತಿರುವಾಗ ಒಂದು ನೋವನ್ನು ಇನ್ನೊಂದರಿಂದ ಬಿಡಿಸಿ ನೋಡುವುದು ಹೇಗೆ?

ನಮ್ಮ ಮನೆತನ ರಾಯಚೂರು ಕಡೆಯದು. ಅಪ್ಪ ಇಲ್ಲಿಯ ಸರ್ಕಾರಿ ಕಚೇರಿಯಲ್ಲಿ ನೌಕರಿಗೆಂದು ಬಂದವರು ಇಲ್ಲೇ ಉಳಿದರು. ನಾನು ಹುಟ್ಟಿದ್ದು, ಓದಿದ್ದು, ಬಾಲಾನಗರದ ಒಂದು ಕಾರ್ಖಾನೆಯ ಕಚೇರಿಯಲ್ಲಿ ದುಡಿದದ್ದು ಎಲ್ಲ ಹೈದರಾಬಾದಿನಲ್ಲಿಯೇ. ಬಿ.ಪಿ. ಏರಿದ್ದು ಗೊತ್ತಾಗುವಷ್ಟರಲ್ಲಿ ಕಿಡ್ನಿ ಕೈಬಿಟ್ಟಿತ್ತು. ನೌಕರಿ ಬಿಟ್ಟೆ. ಕಾರ್ಖಾನೆಯ ಬಸ್ಸಿನ ಬದಲು ಆಸ್ಪತ್ರೆಯ ಮೆಟ್ರೋ ಬಂತು, ಅಷ್ಟೇ ವ್ಯತ್ಯಾಸ ಎಂದು ಮೊದಮೊದಲು ಎಲ್ಲರಿಗೂ ಹೇಳುತ್ತಿದ್ದೆ. ಆಮೇಲೆ ಹೇಳುವುದನ್ನೂ ಬಿಟ್ಟೆ.

ಕಿಡ್ನಿ ಹೋದರೆ ಎಲುಬೂ ಹೋಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಮೊದಲು ಹಿಮ್ಮಡಿ ನೋಯಲು ಶುರುವಾಯಿತು, ಆಮೇಲೆ ಸೊಂಟ, ಆಮೇಲೆ ಕುಳಿತು ಏಳುವಾಗ ತೊಡೆ. ಜೊತೆಗೆ ತುರಿಕೆ. ಚರ್ಮದ ಮೇಲೆ ಏನೂ ಕಾಣುವುದಿಲ್ಲ, ಒಳಗೆ ಇರುವೆ ಹರಿದ ಹಾಗೆ. ಬಾಚಣಿಗೆಯಿಂದ ಬೆನ್ನು ಕೆರೆದುಕೊಂಡು ಕೆರೆದುಕೊಂಡು ಅದರ ಹಲ್ಲುಗಳೇ ಮುರಿದಿದ್ದವು.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆ ಬೀದರಿನ ಒಬ್ಬ ಹೆಂಗಸಿನದು. ನನಗಿಂತ ಸ್ವಲ್ಪ ಚಿಕ್ಕವರು. ಗಂಡ ಹೆಂಡತಿ ಇಬ್ಬರೂ ಇಲ್ಲಿ ಸೀರೆಯ ಅಂಗಡಿ ನಡೆಸುತ್ತಿದ್ದರು. ನರ್ಸುಗಳ ಜೊತೆ ಹಿಂದಿ, ಟೆಕ್ನೀಷಿಯನ್ ಜೊತೆ ತೆಲುಗು, ನನ್ನ ಜೊತೆ ಕನ್ನಡ. ನಾಲ್ಕು ತಾಸು ಮಲಗಿರಬೇಕಾದ ಜಾಗದಲ್ಲಿ ನಮ್ಮ ಮಾತು ಆಡುವವರೊಬ್ಬರು ಸಿಕ್ಕರೆ ಆ ಹೊತ್ತು ಹೇಗೋ ಸರಿಯುತ್ತದೆ. ಅವರಿಗೂ ಎಲುಬಿನ ನೋವು. ಮೊಳಕಾಲ ಕೆಳಗೆ, ಸೊಂಟದ ಕೀಲಿನಲ್ಲಿ. ನಮ್ಮಿಬ್ಬರದೂ ಒಂದೇ ರೋಗ ಎಂದು ನಂಬಿ, ಒಬ್ಬರಿಗೆ ಹತ್ತಿದ ಎಣ್ಣೆ, ಮುಲಾಮು ಇನ್ನೊಬ್ಬರಿಗೆ ಕೊಟ್ಟುಕೊಳ್ಳುತ್ತಿದ್ದೆವು.

ಪಕ್ಕೆಲುಬಿನ ಸುದ್ದಿ ಕೇಳಿ ಅವರು ಮೊದಲು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಖರೇನ ಸೀನಿದ್ದಕ್ಕ ಮುರಿತೇನ್ರಿ ಅಕ್ಕಾರ?"

"ಖರೇನ."

"ಹಂಗಾದ್ರ ನಾಳಿಂದ ನಾ ಕೆಮ್ಮೂದ ಬಿಡ್ತೀನಿ" ಎಂದು ಆ ಕಡೆ ತಿರುಗಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವರ ಭುಜ ಅಲುಗುತ್ತಿರುವುದು ಕಂಡಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು ನಾನು ವಿಚಾರಿಸಲಿಲ್ಲ.

ಮನೆಯಲ್ಲಿ ಅವ್ವ ಇದ್ದಳು. ಎಂಬತ್ತು ದಾಟಿದವಳು. ಅಡುಗೆಮನೆಯ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದು, ಯಾರ ಆಸರೆಯೂ ಇಲ್ಲದೆ ಏಳುವವಳು. ಮಗಳ ಎಲುಬು ಸೀನಿಗೆ ಮುರಿಯಿತು ಎನ್ನುವುದನ್ನು ಅವಳು ನಂಬಲಿಲ್ಲ.

"ಹಾಲು ಕುಡಿಲಾರದಕ್ಕ ಹಿಂಗಾಗೇತಿ" ಎಂದಳು.

ಈ ಜಗಳ ಹಳೆಯದು. ಕಿಡ್ನಿ ಕೆಟ್ಟವರಿಗೆ ಹಾಲು, ಮೊಸರು, ಬೇಳೆ, ಶೇಂಗಾ ಎಲ್ಲಕ್ಕೂ ಕಡಿವಾಣ. ಅವುಗಳಲ್ಲಿರುವ ಫಾಸ್ಫರಸ್ ನಮ್ಮ ಮೈಯಿಂದ ಹೊರಗೆ ಹೋಗುವುದಿಲ್ಲ, ಒಳಗೇ ಉಳಿದು ಕ್ಯಾಲ್ಸಿಯಂ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಶೇಂಗಾ ಹಿಂಡಿ ಇಲ್ಲದೆ, ಮೊಸರು ಇಲ್ಲದೆ ರೊಟ್ಟಿ ತಿನ್ನುವುದೆಂದರೆ ನಮ್ಮ ಕಡೆಯವರಿಗೆ ಏನೆಂದು ಬೇರೆ ಹೇಳಬೇಕಿಲ್ಲ. ಅವ್ವ ನನ್ನ ಎದುರು ಮೊಸರು ಉಣ್ಣುತ್ತಿರಲಿಲ್ಲ. ತನ್ನ ತಾಟು ತೆಗೆದುಕೊಂಡು ಹಿಂದಿನ ಬಾಲ್ಕನಿಗೆ ಹೋಗುತ್ತಿದ್ದಳು. ಅದನ್ನು ನೋಡುವುದು ಮೊಸರು ಬಿಡುವುದಕ್ಕಿಂತ ಕಷ್ಟವಾಗಿತ್ತು.

"ಎಲುಬು ನೋಯಾಕತ್ತಾವಂತಿ, ಹಾಲು ಬ್ಯಾಡಂತಿ. ಇದ್ಯಾವ ವೈದ್ಯ?"

"ಡಾಕ್ಟರು ಬ್ಯಾಡಂದಾರ ಅವ್ವ."

"ಡಾಕ್ಟರಿಗೆ ಅವರವ್ವ ಹಾಲು ಕುಡಿಸೇ ದೊಡ್ಡವರ ಮಾಡಿರ್ತಾಳ."

ಇವರು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ಕೂತಿರುತ್ತಿದ್ದರು. ಅತ್ತೆಗೂ ಹೆಂಡತಿಗೂ ನಡುವೆ ಬರದಿರುವುದು ಅವರು ಸರ್ಕಾರಿ ನೌಕರಿಯಲ್ಲಿ ಕಲಿತ ವಿದ್ಯೆ ಇರಬೇಕು.

ಪಕ್ಕೆಲುಬು ಕೂಡಿಕೊಳ್ಳುತ್ತಿದ್ದ ದಿನಗಳಲ್ಲಿ ಒಬ್ಬ ಡಾಕ್ಟರಮ್ಮ ನಮ್ಮ ವಾರ್ಡಿಗೆ ಬರಲು ಶುರು ಮಾಡಿದರು. ಚಿಕ್ಕ ವಯಸ್ಸು. ಸದಾ ಅವಸರದಲ್ಲಿ ಕಟ್ಟಿದ ಕೂದಲು, ಕೋಟಿನ ಜೇಬಿನಲ್ಲಿ ಬಿಸ್ಕತ್ತಿನ ಪಾಕೀಟು. ಡಯಾಲಿಸಿಸ್‌ನವರ ಎಲುಬಿನ ಮೇಲೆ ಸಂಶೋಧನೆ ನಡೆಸುತ್ತಿದ್ದೇನೆ, ನೀವು ಸೇರುತ್ತೀರಾ ಎಂದು ಕೇಳಿದರು. ನಮ್ಮ ಮಾತು ನಡೆಯುತ್ತಿದ್ದುದು ತೆಲುಗಿನಲ್ಲಿ. ಹಾಸಿಗೆಯ ಅಂಚಿನಲ್ಲಿ ಕುಳಿತು ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಗಂಟಲಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಅವು ಎಲುಬಿಗೆ ಹುಕುಂ ಕಳಿಸಿ ಅಲ್ಲಿಂದ ತರಿಸಿಕೊಳ್ಳುತ್ತವೆ. ಕಿಡ್ನಿ ಕೆಟ್ಟವರಲ್ಲಿ ರಕ್ತಕ್ಕೆ ಸದಾ ಕೊರತೆ, ಹುಕುಂ ನಿಲ್ಲುವುದೇ ಇಲ್ಲ. ಎಲುಬು ಸವೆಯುತ್ತದೆ. ಹೀಗೆ ತೆಗೆದ ಸುಣ್ಣವಾದರೂ ಸರಿಯಾದ ಜಾಗಕ್ಕೆ ಹೋಗುತ್ತದೆಯೇ ಎಂದರೆ ಅದೂ ಇಲ್ಲ, ರಕ್ತನಾಳದ ಗೋಡೆಗೆ ಮೆತ್ತಿಕೊಂಡು ಅದನ್ನು ಗಟ್ಟಿ ಮಾಡುತ್ತದೆ.

"ಇದು ಒಂದು ಬಗೆ. ಇದಕ್ಕೆ ಪೂರಾ ವಿರುದ್ಧವಾದ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಎಲುಬು ಕೆಲಸವನ್ನೇ ನಿಲ್ಲಿಸಿಬಿಡುತ್ತದೆ, ಹಳೆಯದನ್ನು ಒಡೆಯುವುದೂ ಇಲ್ಲ, ಹೊಸದನ್ನು ಕಟ್ಟುವುದೂ ಇಲ್ಲ. ಎರಡರಲ್ಲೂ ನೋವು ಒಂದೇ ತರಹ, ಎರಡರಲ್ಲೂ ಮುರಿಯುತ್ತದೆ. ಔಷಧ ಮಾತ್ರ ಬೇರೆ. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಕೆಡುಕು ಮಾಡಬಹುದು. ರಕ್ತ ನೋಡಿ ಅಂದಾಜು ಮಾಡುತ್ತೇವೆ, ಆದರೆ ಆ ಅಂದಾಜು ಎಷ್ಟು ಸರಿ ಎಂದು ತಿಳಿಯಬೇಕಾದರೆ ಎಲುಬನ್ನೇ ತೆಗೆದು ನೋಡಬೇಕು."

"ಎಲ್ಲಿಂದ ತೆಗೀತೀರಿ?"

ಅವರು ತಮ್ಮ ಸೊಂಟದ ಪಕ್ಕದ ಎಲುಬಿನ ಮೇಲೆ ಕೈಯಿಟ್ಟು ತೋರಿಸಿದರು.

"ನನಗೆ ಇದರಿಂದ ಏನು ಲಾಭ?" ಎಂದು ಕೇಳಿದೆ.

"ಲಾಭ ಆಗಬಹುದು. ಆಗುತ್ತದೆ ಎಂದು ಹೇಳಲಾರೆ ಅಮ್ಮಾ."

ಇಷ್ಟು ವರ್ಷಗಳಲ್ಲಿ ಎಷ್ಟು ಜನ ನನಗೆ ಎಷ್ಟೆಲ್ಲ ಭರವಸೆ ಕೊಟ್ಟಿದ್ದರು. ಬೇರು ಕೊಟ್ಟವರು, ತಾಯಿತ ಕಟ್ಟಿದವರು, ಈ ಮಾತ್ರೆಯಿಂದ ಎಲ್ಲ ಸರಿಹೋಗುತ್ತದೆ ಎಂದು ಬೆನ್ನು ತಟ್ಟಿದ ದೊಡ್ಡ ಡಾಕ್ಟರು. ಭರವಸೆ ಕೇಳಿ ಕೇಳಿ ಸಾಕಾಗಿತ್ತು. ಹೇಳಲಾರೆ ಎಂದವರು ಇವರೊಬ್ಬರೇ. ಒಪ್ಪಿಕೊಂಡೆ. ಪಕ್ಕದ ಹಾಸಿಗೆಯ ಬೀದರಿನವರೂ ಒಪ್ಪಿಕೊಂಡರು. "ಅಕ್ಕಾರ ಕೊಟ್ರ ನಾನೂ ಕೊಡ್ತೀನಿ" ಎಂದರು, ಗುಡಿಯಲ್ಲಿ ಹರಕೆ ಕೊಡುವವರ ಹಾಗೆ.

ಅವ್ವನಿಗೆ ಹೇಳಿದಾಗ ಅವಳು ಬಡಿಯುತ್ತಿದ್ದ ರೊಟ್ಟಿಯಿಂದ ಕೈ ತೆಗೆದಳು.

"ಮೊದಲ ಎಲುಬು ಸವದಾವ, ಅದರಾಗ ತೂತು ಬ್ಯಾರೆ ಹೊಡಸ್ಕೊತಿ?"

"ಸಣ್ಣ ತುಣುಕು ಅವ್ವ. ಸೀಸದ ಕಡ್ಡಿಯಷ್ಟು."

"ಎಲುಬಿನ ತುಣುಕು ಯಾರಿಗೂ ಕೊಡಬಾರದು. ಸತ್ತ ಮ್ಯಾಲ ಆದ್ರ ಬ್ಯಾರೆ ಮಾತು."

ಇವರು ಅಂದು ಮೊದಲ ಬಾರಿ ಪತ್ರಿಕೆ ಇಳಿಸಿದರು. "ಕೊಡ್ಲಿ ಬಿಡ್ರಿ ಅತ್ತಿ. ನೋಡೂಣಂತ, ಏನೈತಿ ಅಂತ." ಇಷ್ಟು ಹೇಳಿ ಮತ್ತೆ ಪತ್ರಿಕೆ ಎತ್ತಿಕೊಂಡರು.

ಬಯಾಪ್ಸಿಗೆ ಮುಂಚೆ ಒಂದು ಹಳದಿ ಮಾತ್ರೆ ನುಂಗಲು ಕೊಟ್ಟರು. ಕೆಲವು ದಿನ ನುಂಗುವುದು, ನಡುವೆ ಕೆಲವು ದಿನ ಬಿಡುವುದು, ಮತ್ತೆ ನುಂಗುವುದು. ಆ ಮಾತ್ರೆ ಹೊಸದಾಗಿ ಕಟ್ಟುತ್ತಿರುವ ಎಲುಬಿಗೆ ಮಾತ್ರ ಅಂಟಿಕೊಂಡು ಗೆರೆ ಎಳೆಯುತ್ತದಂತೆ. ಮೊದಲ ಸಲದ್ದು ಒಂದು ಗೆರೆ, ಎರಡನೇ ಸಲದ್ದು ಇನ್ನೊಂದು. ಎರಡರ ನಡುವಿನ ಅಂತರ ನೋಡಿದರೆ ಎಲುಬು ಎಷ್ಟು ವೇಗದಲ್ಲಿ ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತದೆ. ಇದನ್ನು ಕೇಳಿದ ದಿನ ಮೆಟ್ರೋದಲ್ಲಿ ವಾಪಸು ಬರುವಾಗ ನನಗೆ ಏನೋ ಒಂದು ಕುತೂಹಲ ಹುಟ್ಟಿತು. ಬಹಳ ಕಾಲದ ಮೇಲೆ ನನ್ನ ಮೈಯ ಬಗ್ಗೆ ಹುಟ್ಟಿದ ಕುತೂಹಲ. ಅಲ್ಲಿಯವರೆಗೆ ಅದರ ಬಗ್ಗೆ ಇದ್ದದ್ದು ಬೇಸರ ಮಾತ್ರ.

ಬಯಾಪ್ಸಿಯ ದಿನ ಜಾಗ ಮರಗಟ್ಟಿಸುವ ಸೂಜಿ ಕೊಟ್ಟರು. ಕೊಯ್ದದ್ದು ತಿಳಿಯಲಿಲ್ಲ. ಆದರೆ ದಪ್ಪ ಸೂಜಿಯಂಥದ್ದನ್ನು ಎಲುಬಿನೊಳಗೆ ತಿರುವುತ್ತ ಇಳಿಸುವಾಗ ಇಡೀ ಸೊಂಟವನ್ನು ಯಾರೋ ಕೂತು ಒತ್ತಿದ ಹಾಗಾಯಿತು. ಕರಕರ ಎನ್ನುವ ಸದ್ದು. ಡಾಕ್ಟರಮ್ಮ ನನ್ನ ತಲೆಯ ಕಡೆ ನಿಂತು "ನೊಪ್ಪಿ ಉಂದಾ ಅಮ್ಮಾ?" ಎಂದು ಮತ್ತೆ ಮತ್ತೆ ನೋವಿನ ಬಗ್ಗೆ ಕೇಳುತ್ತಿದ್ದರು. ನೋವಿಗಿಂತ ಆ ಸದ್ದು ಕೆಟ್ಟದು ಎಂದೆ. ತೆಗೆದ ಮೇಲೆ ಸಣ್ಣ ಶೀಶೆಯಲ್ಲಿ ತೋರಿಸಿದರು. ಬಳಪದ ತುಂಡಿನಂತೆ, ಕೆಂಪು ಮೆತ್ತಿದ್ದು. ನನ್ನೊಳಗಿನಿಂದ ಬಂದದ್ದು ಎಂದು ಅನಿಸಲೇ ಇಲ್ಲ.

ಫಲಿತಾಂಶ ಬರಲು ಬಹಳ ದಿನ ಹಿಡಿಯಿತು. ಎಲುಬನ್ನು ಗಟ್ಟಿ ಮೇಣದಂಥದ್ದರಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ನೀಲಿ ಬೆಳಕಿನಲ್ಲಿ ನೋಡಬೇಕು. ನಾನು ಡಾಕ್ಟರಮ್ಮನನ್ನು ಒಂದೇ ಒಂದು ಕೇಳಿಕೊಂಡಿದ್ದೆ, ನನ್ನ ಎಲುಬು ನನಗೂ ತೋರಿಸಬೇಕು ಎಂದು. ಅವರು ಮರೆತಿರಲಿಲ್ಲ. ಒಂದು ಮಧ್ಯಾಹ್ನ ನಮ್ಮಿಬ್ಬರ ಡಯಾಲಿಸಿಸ್ ಮುಗಿದ ಮೇಲೆ ನನ್ನನ್ನೂ ಬೀದರಿನವರನ್ನೂ ಲಿಫ್ಟಿನಲ್ಲಿ ಮೇಲಿನ ಲ್ಯಾಬಿಗೆ ಕರೆದುಕೊಂಡು ಹೋದರು. ಕಿಟಕಿಗೆ ಕಪ್ಪು ಪರದೆ ಎಳೆದಿದ್ದ ಕೋಣೆ. ಮೊದಲು ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.

ಕತ್ತಲೆಯಲ್ಲಿ ಹಳದಿಹಸಿರು ಗೆರೆಗಳು ಉರಿಯುತ್ತಿದ್ದವು. ಎಲ್ಲಿ ನೋಡಿದರಲ್ಲಿ ಜೋಡಿ ಜೋಡಿ ಗೆರೆ, ಒಂದಕ್ಕೊಂದು ದೂರ ದೂರ, ಸೊಟ್ಟ ಸೊಟ್ಟ. ಚೆನ್ನಾಗಿ ಕಾಣುತ್ತಿತ್ತು. ಇಷ್ಟು ಚೆಂದದ್ದು ನನ್ನೊಳಗೆ ಇದೆಯೇ ಎಂದು ಆಶ್ಚರ್ಯವಾಯಿತು.

"ಇದು ಒಳ್ಳೆಯದೇ?" ಎಂದು ಕೇಳಿದೆ.

"ಇಲ್ಲ ಅಮ್ಮಾ. ಇಷ್ಟು ಗೆರೆ ಇರಬಾರದು. ನಿಮ್ಮ ಎಲುಬು ಒಂದು ನಿಮಿಷ ಕೂರುತ್ತಿಲ್ಲ. ಒಡೆಯುತ್ತದೆ, ಅವಸರದಲ್ಲಿ ಏನೋ ಕಟ್ಟುತ್ತದೆ, ಅದು ಗಟ್ಟಿಯಾಗುವ ಮೊದಲೇ ಮತ್ತೆ ಒಡೆಯುತ್ತದೆ."

ನನಗೆ ನಮ್ಮ ಉಪ್ಪಲ್‌ನ ರಸ್ತೆ ಕಣ್ಣ ಮುಂದೆ ಬಂತು. ಅಲ್ಲಿಯೂ ಹೀಗೆಯೇ, ಅಗೆಯುವವರು ಬೇರೆ, ಮುಚ್ಚುವವರು ಬೇರೆ, ನಡೆಯುವವರ ಪಾಡು ಯಾರಿಗೂ ಬೇಡ.

ಬೀದರಿನವರು ತಮ್ಮ ಎಲುಬಿನ ಗಾಜಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ನನಗ ಏನೂ ಕಾಣವಲ್ದು" ಎಂದರು. ಡಾಕ್ಟರಮ್ಮ ಬಗ್ಗಿ ನೋಡಿ, ಗಾಜು ಅತ್ತಿತ್ತ ಸರಿಸಿ, ಒಂದು ಮೂಲೆಯಲ್ಲಿ ನಿಲ್ಲಿಸಿದರು. ಅಲ್ಲಿ ಮಸುಕಾದ ಒಂದೇ ಗೆರೆ. ಎರಡು ಸಲ ನುಂಗಿದ ಮಾತ್ರೆ ಒಂದರ ಮೇಲೊಂದು ಬಿದ್ದಿತ್ತು, ನಡುವೆ ಕೂದಲೆಳೆಯ ಜಾಗವೂ ಇರಲಿಲ್ಲ. ಅವರ ಎಲುಬು ಮಲಗಿಬಿಟ್ಟಿತ್ತು. ನೋವೆಂದು ವರ್ಷಗಟ್ಟಲೆ ನುಂಗಿದ ಕ್ಯಾಲ್ಸಿಯಂ ಮಾತ್ರೆಗಳು ಗಂಟಲಿನ ಗ್ರಂಥಿಗಳನ್ನು ಪೂರಾ ಸುಮ್ಮನಾಗಿಸಿದ್ದವು.

ಕೆಳಗೆ ಇಳಿದು ಬಂದು ಇಬ್ಬರೂ ಬೆಂಚಿನ ಮೇಲೆ ಕೂತೆವು. ನನ್ನ ಗಂಡ ಚಹಾ ತರಲು ಹೋಗಿದ್ದರು, ಇಬ್ಬರಿಗೂ ಅರ್ಧರ್ಧ ಕಪ್ಪು, ಅಷ್ಟೇ ಕುಡಿಯಬಹುದಾದದ್ದು.

"ನಿಮ್ದು ಅರ್ಧ, ನಂದು ಅರ್ಧ ಕೂಡಿಸಿದ್ರ ಒಂದು ಛಲೋ ಎಲುಬು ಆಗ್ತಿತ್ತು ನೋಡ್ರಿ" ಎಂದರು ಬೀದರಿನವರು. ಆಮೇಲೆ ಮೆಲ್ಲಗೆ, "ನಿಮಗ ಹತ್ತಿದ ಕ್ಯಾಲ್ಸಿಯಂ ಗುಳಗಿ ನನಗೂ ಬರಕೊಡ್ರಿ ಅಂತ ನಾನ ಡಾಕ್ಟರಿಗೆ ಗಂಟು ಬಿದ್ದಿದ್ದೆ. ಗೊತ್ತದೇನ್ರಿ ನಿಮಗ?"

ನನಗೆ ಗೊತ್ತಿರಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ. ಡಯಾಲಿಸಿಸ್ ಸೂಜಿ ಚುಚ್ಚುವ ಕೈ, ನರ ಉಬ್ಬಿ ಝುಂ ಎನ್ನುತ್ತಿತ್ತು.

ಅವರಿಗೆ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದರು, ಡಯಾಲಿಸಿಸ್ ನೀರಿನಲ್ಲಿಯೂ ಕ್ಯಾಲ್ಸಿಯಂ ಕಡಿಮೆ ಮಾಡಿದರು. ನನಗೆ ಮಾತ್ರೆಯಿಂದ ಬಗೆಹರಿಯುವ ಹಂತ ದಾಟಿತ್ತು. ಕತ್ತು ಕೊಯ್ದು ಗ್ರಂಥಿ ತೆಗೆಯುವುದೊಂದೇ ದಾರಿ ಎಂದರು. ತೆಗೆದ ಮೇಲೆ ಶಸ್ತ್ರಚಿಕಿತ್ಸೆಯ ಡಾಕ್ಟರು ಇವರನ್ನು ಕರೆದು ತೋರಿಸಿದರಂತೆ. ಅಕ್ಕಿಕಾಳಿನಷ್ಟು ಇರಬೇಕಾದವು ಶೇಂಗಾ ಬೀಜದಷ್ಟು ದಪ್ಪವಾಗಿದ್ದವು. ಮೂರನ್ನು ಪೂರಾ ತೆಗೆದು, ನಾಲ್ಕನೆಯದರ ಚೂರೊಂದನ್ನು ನನ್ನ ಮುಂಗೈಯೊಳಗೆ ಹೂತಿಟ್ಟರು, ಮುಂದೆ ಬೇಕಾದೀತೆಂದು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಏನೋ ಕಡಿಮೆಯಾಗಿದೆ ಅನಿಸಿತು. ಏನೆಂದು ಹೊಳೆಯಲು ಹೊತ್ತು ಬೇಕಾಯಿತು. ಹಿಮ್ಮಡಿ ನೋಯುತ್ತಿರಲಿಲ್ಲ. ತುರಿಕೆ ಇರಲಿಲ್ಲ. ಕತ್ತಿನ ಗಾಯ ಬಿಟ್ಟರೆ ಮೈ ಖಾಲಿ ಮನೆಯ ಹಾಗಿತ್ತು. ಇವರು ಬಂದು ಹೇಗಿದ್ದೀ ಎಂದು ಕೇಳಿದಾಗ ನನಗೆ ಅಳು ಬಂತು. ನೋವಿಗೆ ಎಷ್ಟೋ ವರ್ಷದಿಂದ ಅತ್ತಿರಲಿಲ್ಲ.

ಆ ಸುಖ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಊಟದ ಹೊತ್ತಿಗೆ ತುಟಿಯ ಸುತ್ತ ಜುಮುಜುಮು ಎನ್ನತೊಡಗಿತು, ಆಮೇಲೆ ಬೆರಳ ತುದಿ. ಚಮಚ ಹಿಡಿಯಲು ಹೋದರೆ ಕೈ ತಾನಾಗಿಯೇ ಒಳಕ್ಕೆ ಮಡಚಿಕೊಂಡಿತು, ಹೆಬ್ಬೆರಳು ಅಂಗೈಗೆ ಒತ್ತಿಕೊಂಡು ಕೂತಿತು. ಬಿಡಿಸಲು ಆಗಲಿಲ್ಲ. ಇವರು ಓಡಿಹೋಗಿ ನರ್ಸನ್ನು ಕರೆತಂದರು. ಡಾಕ್ಟರಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ರಕ್ತನಾಳಕ್ಕೆ ಕ್ಯಾಲ್ಸಿಯಂ ಹನಿ ಹಾಕಿದರು. ಎದೆಗೆ ತಂತಿ ಅಂಟಿಸಿದರು.

"ಈಗ ಏನಾಯಿತು?" ಎಂದು ಇವರು ಕೇಳಿದರು. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅಂದೇ.

"ನಿರೀಕ್ಷಿಸಿದ್ದೆವು ಸಾರ್. ಇಷ್ಟು ದಿನ ಎಲುಬಿನಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತಿದ್ದ ಹುಕುಂ ನಿಂತಿತು. ಎಲುಬು ಹಸಿದಿತ್ತು, ಈಗ ರಕ್ತದಲ್ಲಿದ್ದದ್ದನ್ನೆಲ್ಲ ತಾನೇ ಎಳೆದುಕೊಳ್ಳುತ್ತಿದೆ. ನಾವು ಎಷ್ಟು ಹಾಕಿದರೂ ಸಾಲುತ್ತಿಲ್ಲ. ಇದಕ್ಕೆ ಹಸಿದ ಎಲುಬು ಎಂದೇ ಹೆಸರು."

ಹನಿ ಹಾಕುತ್ತಲೇ ಇದ್ದರು, ರಕ್ತ ತೆಗೆದು ನೋಡುತ್ತಲೇ ಇದ್ದರು. ಬೆಳಿಗ್ಗೆ ಸರಿಯಾದದ್ದು ಸಂಜೆಗೆ ಮತ್ತೆ ಇಳಿಯುತ್ತಿತ್ತು. ಹೀಗೆ ಎಷ್ಟೋ ದಿನ ನಡೆಯಿತು. ಬೆರಳು ಮಡಚಿಕೊಂಡಾಗಲೆಲ್ಲ ಇವರು ಒಂದೊಂದನ್ನೇ ಬಿಡಿಸಿ ತಮ್ಮ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೂತಲ್ಲೇ ನಿದ್ದೆ ಹೋದರೂ ಕೈ ಬಿಡುತ್ತಿರಲಿಲ್ಲ. ಅವರಿಗೂ ವಯಸ್ಸಾಗಿದೆ ಎನ್ನುವುದು ನನಗೆ ಆಗ ಕಣ್ಣಿಗೆ ಬಿತ್ತು. ಗಲ್ಲದ ಮೇಲೆ ಬಿಳಿ ಗಡ್ಡ ಬೆಳೆದಿತ್ತು, ಅಂಗಿಯ ಕಾಲರಿನಲ್ಲಿ ಕತ್ತು ಸಣ್ಣಗೆ ಕಾಣುತ್ತಿತ್ತು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಊಟದ ಬಗ್ಗೆ ಹೇಳುತ್ತ, ಫಾಸ್ಫರಸ್ಸೂ ತೀರ ಕೆಳಗಿಳಿದಿದೆ, ಸದ್ಯಕ್ಕೆ ಹಾಲು ಮೊಸರು ತೆಗೆದುಕೊಳ್ಳಿ, ಧಾರಾಳವಾಗಿ ತೆಗೆದುಕೊಳ್ಳಿ ಎಂದರು. ಅವ್ವ ಅಲ್ಲೇ ಇದ್ದಳು, ಅವಳಿಗೆ ತೆಲುಗು ಚೆನ್ನಾಗಿ ತಿಳಿಯುತ್ತದೆ. ನಾನು ಅವಳ ಕಡೆ ನೋಡದೆ ಕಿಟಕಿಯ ಹೊರಗೆ ನೋಡಿದೆ.

"ನಾ ಏನ್ ಹೇಳಿದ್ದೆ?" ಎಂದಳು ಅವ್ವ.

"ಅವಾಗಿನ ಮಾತು ಬ್ಯಾರೆ, ಈಗಿನ ಮಾತು ಬ್ಯಾರೆ ಅವ್ವ."

"ಹಾಲು ಹಾಲ ಐತಿ. ಅವಾಗೂ ಅದ, ಈಗೂ ಅದ."

ಮನೆಗೆ ಬಂದ ದಿನ ಅವಳು ನನಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಬಡಿಸಿದಳು. ತನ್ನ ತಾಟನ್ನೂ ತಂದು ನನ್ನ ಎದುರಿಗೇ ಕೂತಳು. ಇಬ್ಬರೂ ಕೂಡಿ ಉಂಡೆವು. ಮೊಸರಿನ ರುಚಿ ನಾನು ನೆನೆಸಿಕೊಂಡಿದ್ದಷ್ಟು ಇರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ಕೆಲವು ತಿಂಗಳಲ್ಲಿ ಎಲುಬಿನ ಹಸಿವು ಇಂಗಿತು, ಪಥ್ಯ ಮತ್ತೆ ಶುರುವಾಯಿತು, ಅವ್ವ ಮತ್ತೆ ಬಾಲ್ಕನಿಗೆ ಹೋದಳು.

ನಾನು ಚೇತರಿಸಿಕೊಂಡು ಮೆಟ್ರೋದಲ್ಲಿ ನಿಂತು ಬರುವಂತಾದ ಕಾಲಕ್ಕೆ ಬೀದರಿನವರು ಬಿದ್ದರು. ಅಂಗಡಿಯಲ್ಲಿ ಗಿರಾಕಿಗೆ ತೋರಿಸಲೆಂದು ಮೇಲಿನ ಕಪಾಟಿನಿಂದ ಸೀರೆ ಎಳೆಯುವಾಗ ಕಾಲು ತಿರುಚಿತಂತೆ, ಅಷ್ಟೇ. ಗಾದಿಯ ಮೇಲೇ ಬಿದ್ದದ್ದು, ಆದರೂ ಸೊಂಟದ ಕೀಲು ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ರಾಡು ಹಾಕಿದರು. ಮಲಗಿದ್ದ ಎಲುಬು ಕೂಡಿಕೊಳ್ಳಲು ಒಲ್ಲೆ ಎಂದಿತು. ವಾರಕ್ಕೆ ಮೂರು ಸಲ ಅವರನ್ನು ಎತ್ತಿ ತರುವುದು ಮನೆಯವರ ಕೈಲಾಗಲಿಲ್ಲ. ಅಂಗಡಿಯನ್ನು ಮೈದುನನಿಗೆ ಒಪ್ಪಿಸಿ ಗಂಡ ಹೆಂಡತಿ ಬೀದರಿಗೆ ಹೋದರು. ಅಲ್ಲಿ ಮನೆಯ ಹತ್ತಿರವೇ ಡಯಾಲಿಸಿಸ್ ಸಿಗುತ್ತದೆ ಎಂದರು. ಅವರು ಹೋಗುವ ದಿನ ನನ್ನ ಪಾಳಿ ಇರಲಿಲ್ಲ. ಮುಂದಿನ ಸಲ ಹೋದಾಗ ಪಕ್ಕದ ಹಾಸಿಗೆಯಲ್ಲಿ ಯಾರೋ ಗಂಡಸು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು.

ಡಾಕ್ಟರಮ್ಮನ ಸಂಶೋಧನೆಯೂ ಮುಗಿಯುತ್ತ ಬಂದಿತ್ತು. ಕೊನೆಗೆ ಗೊತ್ತಾದದ್ದೇನು ಎಂದು ಕೇಳಿದೆ. ರಕ್ತದ ಪರೀಕ್ಷೆಯೊಂದನ್ನೇ ನಂಬಿದರೆ ಕೆಲವರ ವಿಷಯದಲ್ಲಿ ಮೋಸ ಹೋಗುತ್ತೇವೆ ಎಂದರು. ಯಾರ ವಿಷಯದಲ್ಲಿ ಎನ್ನುವುದನ್ನು ಮೊದಲೇ ತಿಳಿಯುವ ದಾರಿ ಇನ್ನೂ ಸಿಕ್ಕಿಲ್ಲ, ಅದಕ್ಕೆ ಇನ್ನೊಂದು ಅಧ್ಯಯನ ಬೇಕು. ಹೇಳುವಾಗ ಅವರ ಮುಖದಲ್ಲಿಯೂ ದಣಿವಿತ್ತು. ಆಮೇಲೆ ಅಳುಕುತ್ತ, ಇನ್ನೊಂದು ತುಣುಕು ಕೊಡುತ್ತೀರಾ ಅಮ್ಮಾ, ಗ್ರಂಥಿ ತೆಗೆದ ಮೇಲೆ ಎಲುಬು ಹೇಗಿದೆ ನೋಡಬೇಕು ಎಂದರು. ಕೊಟ್ಟೆ. ಈ ಸಲ ಇನ್ನೊಂದು ಪಕ್ಕದಿಂದ. ಸದ್ದು ಅದೇ, ಅಭ್ಯಾಸವಾಗಲಿಲ್ಲ.

ಗೆರೆಗಳು ಹತ್ತಿರ ಬಂದಿದ್ದವು. ತುಸು ಹೆಚ್ಚೇ ಹತ್ತಿರ. ಓಡುತ್ತಿದ್ದದ್ದು ನಿಂತದ್ದು ಒಳ್ಳೆಯದು, ಆದರೆ ಪೂರಾ ಮಲಗಲು ಬಿಡಬಾರದು, ಕ್ಯಾಲ್ಸಿಯಂ ಮಾತ್ರೆ ಕಡಿಮೆ ಮಾಡೋಣ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಮನೆಯಲ್ಲಿ ಅವ್ವ ಕೇಳಿದಳು, ಏನಂತ ನಿನ್ನ ಎಲುಬಿಂದು ಎಂದು.

"ಈಗ ಸುಮ್ನ ಮಲಗಾಕತ್ತಾವಂತ."

"ಮಲಗ್ಲಿ ಬಿಡು. ಭಾಳ ದಣದಿದ್ವು."

ಚಳಿಗಾಲದಲ್ಲಿ ಒಂದು ದಿನ, ಎರಡು ಡಯಾಲಿಸಿಸ್ ನಡುವಿನ ಬಿಡುವಿನಲ್ಲಿ, ಇವರ ಜೊತೆ ಬೀದರಿಗೆ ಹೋದೆ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಹಾಗೆ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ನೀರು ಕುಡಿಯಬಾರದೆಂದು ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡಿದ್ದೆ.

ಅವರು ಹೊರಗಿನ ಕೋಣೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ತೀರ ಇಳಿದುಹೋಗಿದ್ದರು. ನನ್ನನ್ನು ನೋಡಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಕತ್ತಿನ ಗಾಯ ತೋರಸ್ರಿ ಅಕ್ಕಾರ" ಎಂದರು. ತೋರಿಸಿದೆ. ಬೆರಳಿಂದ ಮುಟ್ಟಿ ನೋಡಿ, "ಛಲೋ ಹೊಲದಾರ, ಗೊತ್ತ ಆಗವಲ್ದು" ಎಂದರು. ಜರಿಯ ಅಂಚು ನೋಡುವವರ ಹಾಗೆ.

"ನಿಮ್ಮ ತಬಿಯತ್ ಹೆಂಗೈತ್ರಿ?"

"ಏನ್ ಹೇಳೂದ್ರಿ. ಇಲ್ಲಿ ಡಯಾಲಿಸಿಸ್‌ದಾಗ ಎಲ್ಲರೂ ಕನ್ನಡ ಮಾತಾಡ್ತಾರ, ಆದ್ರ ಮಾತಾಡ್ಲಿಕ್ಕ ನನಗ ಬ್ಯಾಸರ. ನಿಮ್ಮ ಜೋಡಿ ಬ್ಯಾಸರ ಬರ್ತಿದ್ದಿಲ್ಲ."

ಅವರ ಗಂಡ ನಮಗೆ ಉಪ್ಪಿಲ್ಲದ ಉಪ್ಪಿಟ್ಟು ಮಾಡಿಸಿದ್ದರು, ನನಗೋಸ್ಕರ. ಅದನ್ನು ಇವರೂ ತಿಂದರು. ಅಂಗಡಿ, ಮೈದುನ, ಹೈದರಾಬಾದಿನ ಟ್ರಾಫಿಕ್ಕು ಎಂದು ಗಂಡಸರು ಮಾತಾಡುತ್ತಿದ್ದರು. ನಾನು ಬೀದರಿನವರ ಮಂಚದ ಅಂಚಿಗೆ ಕೂತೆ. ಒಂದು ಸಲ ಅವರು, "ಆ ಗೆರಿ ಅವಾಗ ನೋಡಿದ್ವಲ್ರಿ, ನನಗ ಒಮ್ಮೊಮ್ಮೆ ಕನಸಿನ್ಯಾಗ ಬರ್ತದ. ನಿಮ್ದು ಬರ್ತದ, ನಂದಲ್ಲ" ಎಂದರು. ನಾನು ಅವರ ಹೊದಿಕೆ ಸರಿಮಾಡಿದೆ.

ಹೊರಡುವಾಗ ಅವರು ವಾಕರ್ ಕೇಳಿದರು. ಬೇಡ ಎಂದು ಗಂಡ ಹೇಳಿದರು, ನಾನೂ ಹೇಳಿದೆ. ಕೇಳಲಿಲ್ಲ. ಮಂಚದ ಅಂಚಿಗೆ ಸರಿದು, ಎರಡೂ ಕೈಯಿಂದ ವಾಕರ್ ಹಿಡಿದು, ಕಣ್ಣು ಮುಚ್ಚಿ ಎದ್ದರು. ಬಾಗಿಲು ದೂರವಿರಲಿಲ್ಲ, ಆದರೂ ನಡುವೆ ನಿಂತು ನಿಂತು ಬಂದರು. ಅವರ ಗಂಡ ಹಿಂದೆ ಕೈ ಚಾಚಿಕೊಂಡು, ಮುಟ್ಟದೆ, ಜೊತೆಗೇ ಸರಿಯುತ್ತಿದ್ದರು. ಹೊಸ್ತಿಲಿಗೆ ಬಂದು ಅವರು ಚೌಕಟ್ಟಿಗೆ ಒರಗಿದರು. ಹಣೆಯ ಮೇಲೆ ಬೆವರಿತ್ತು.

"ಹೋಗಿ ಬರ್ರಿ ಅಕ್ಕಾರ. ನಾಳಿ ನಿಮ್ಮ ಪಾಳಿ ಅದ, ಲಗೂನ ಮಲಗ್ರಿ."

ಬಸ್ಸು ಜಹೀರಾಬಾದ್ ದಾಟುವಾಗ ಇವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಮುರಿದು ಕೂಡಿಕೊಂಡ ಪಕ್ಕೆಗೆ ಅವರ ಮೊಣಕೈ ಒತ್ತುತ್ತಿತ್ತು. ಎಬ್ಬಿಸಲಿಲ್ಲ.